ಹೊಸೆದಿಟ್ಟ ಮೂರು ತಂತಿಗಳು

ವಸಂತ್ ಕುಂಜ್, ದೆಹಲಿ
೧೮ ಮೇ ೨೦೨೫, ಭಾನುವಾರ

ಮುದ್ದು ಧಾರಿಣಿ,

ಕನ್ನಡದಲ್ಲಿ ಬರೆದ ಕಾಗದ ನೋಡಿ ನೀನು ತಲೆ ಚಚ್ಚಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮಾತಾಡಿದರೆ ನಿನಗೆ ಎಲ್ಲ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಅದು ನನ್ನದೇ ತಪ್ಪು. ಆಫೀಸು ಮುಗಿಸಿ ಬಂದ ಮೇಲೆ ನಿನಗೆ ಅ ಆ ಇ ಈ ತಿದ್ದಿಸುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಅಪ್ಪನ ಕೈಗೆ ಕೊಡು, ಗಟ್ಟಿಯಾಗಿ ಓದಿ ಹೇಳಲಿ. ನೋಯ್ಡಾದ ನಿನ್ನ ಫ್ಲಾಟಿನಲ್ಲಿ ಅವರಿಗಾದರೂ ಬೇರೆ ಏನು ಕೆಲಸ?

ಸುದ್ದಿ ಏನೆಂದರೆ, ನಮ್ಮ ತಾರಸಿಯ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರ ಎದ್ದು ನಿಂತಿದೆ. ಹೌದು, ಅದೇ. ನಿಮ್ಮಪ್ಪ ರಿಟೈರ್ ಆದ ವರ್ಷ ತರಿಸಿ, ಮಂಚದ ಕೆಳಗೆ ಪೆಟ್ಟಿಗೆಯಲ್ಲೇ ಇಟ್ಟಿದ್ದರಲ್ಲ, ಅದು. ನಿಲ್ಲಿಸಿದ್ದು ನಾನು. ನಗಬೇಡ. ಅವರು ಬಿಟ್ಟುಹೋದ ನೋಟ್‌ಬುಕ್ಕು ಬೀರುವಿನಲ್ಲಿ ಸಿಕ್ಕಿತು. ಮೂವತ್ತೈದು ವರ್ಷ ಮಿನಿಸ್ಟ್ರಿಯಲ್ಲಿ ಫೈಲು ಓದಿದವಳಿಗೆ ಒಂದು ನೋಟ್‌ಬುಕ್ಕು ಓದುವುದೇನು ಮಹಾ?

ಹನ್ನೆರಡು ಅಡಿಯ ಕಬ್ಬಿಣದ ಪೈಪು. ವಿಮಾನ ನಿಲ್ದಾಣ ಹತ್ತಿರವಿದೆ, ಅದಕ್ಕಿಂತ ಎತ್ತರ ಬೇಡ ಎಂದು ಅವರೇ ಬರೆದಿಟ್ಟಿದ್ದರು. ಇಲ್ಲೇ ಪಕ್ಕದ ಕಿಶನ್‌ಗಢದ ವೆಲ್ಡಿಂಗ್ ಭಯ್ಯಾ ಬುಡಕ್ಕೆ ತಟ್ಟೆ ಬೆಸೆದು, ತಾರಸಿಯ ಅಡಿಯಲ್ಲಿ ಕಂಬ ಇರುವ ಜಾಗ ಹುಡುಕಿ ಬೋಲ್ಟು ಕೂರಿಸಿದ. ತಟ್ಟೆಯ ಕೆಳಗೆ ದಪ್ಪನೆಯ ರಬ್ಬರು. ಅದಿಲ್ಲದಿದ್ದರೆ ಯಂತ್ರದ ನಡುಕವೆಲ್ಲ ಗೋಡೆಗೆ ಇಳಿಯುತ್ತದಂತೆ. ನಾಲ್ಕು ದಿಕ್ಕಿಗೂ ಉಕ್ಕಿನ ಹಗ್ಗ ಎಳೆದು ಕಟ್ಟಿದೆವು. ಅದರಲ್ಲಿ ಒಂದನ್ನು ನಾನು ಜಾಣತನ ಮಾಡಿ ನೀರಿನ ಟ್ಯಾಂಕಿನ ಕಾಲಿಗೆ ಕಟ್ಟಿಸಿದ್ದೆ. ಮೊದಲ ಗಾಳಿಗೇ ಟ್ಯಾಂಕು ನರಳತೊಡಗಿತು. ಬಿಚ್ಚಿ ಬೇರೆ ಕಡೆ ಕಟ್ಟುವಾಗ ಭಯ್ಯಾ, "ಆಂಟೀಜಿ, ಅಂಕಲ್‌ಜಿ ಕೋ ಬುಲಾ ಲೋ" ಎಂದ. ಕರೆಸೋಣವೆಂದರೆ ಅಂಕಲ್ ಊರಲ್ಲಿಲ್ಲ ಎಂದೆ. ಒಂದೂವರೆ ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ. ಹೊಸ ಕೆಲಸಕ್ಕೆ ಸೇರಿದ ನಿನಗೆ ಜೊತೆಯಾಗಿರಲೆಂದು ಅಪ್ಪ ನೋಯ್ಡಾಕ್ಕೆ ಬಂದರು ಎಂದುಕೊಂಡಿದ್ದೀಯ. ಅಲ್ಲ. ಈ ಯಂತ್ರಕ್ಕೆಂದು ಅವರು ಮೊದಲು ತಂದ ಪೈಪು ಎರಡು ವರ್ಷ ತಾರಸಿಯಲ್ಲೇ ಬಿದ್ದಿತ್ತು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಎಡವುತ್ತಿದ್ದೆ. ಒಂದು ದಿನ ಸಿಟ್ಟು ನೆತ್ತಿಗೇರಿ, ಕಬಾಡಿವಾಲನನ್ನು ಕರೆದು ಗುಜರಿಗೆ ಹಾಕಿಬಿಟ್ಟೆ. ಅಪ್ಪ ಕೇಳಿದಾಗ, ಕಾಲೊನಿ ಅಸೋಸಿಯೇಷನ್ನಿನವರು ಹೊತ್ತುಕೊಂಡು ಹೋದರು ಎಂದೆ. ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದ ಮನುಷ್ಯ, ಮೀಟಿಂಗಿನಲ್ಲಿ ಎಲ್ಲರೆದುರು ಸೆಕ್ರೆಟರಿಯನ್ನು ಕಳ್ಳ ಎಂದುಬಿಟ್ಟರು. ವಾರದ ಮೇಲೆ ಅದೇ ಕಬಾಡಿವಾಲ ಗೇಟಿನ ಹತ್ತಿರ ಅವರನ್ನು ತಡೆದು, ಅಂಥ ಪೈಪು ಇನ್ನೂ ಇದೆಯೇ ಎಂದು ಕೇಳಿದ. ನಾನು ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡೆ. ಅವರು ಅಲ್ಲಿಂದ ನೇರ ಸೆಕ್ರೆಟರಿಯ ಮನೆಗೆ ಹೋಗಿ, ಕೈಮುಗಿದು ಕ್ಷಮೆ ಕೇಳಿ ಬಂದರಂತೆ. ನನ್ನ ಹೆಸರು ಎತ್ತಲಿಲ್ಲ. ನನಗೂ ಒಂದು ಮಾತು ಅನ್ನಲಿಲ್ಲ. ಮರುದಿನ ಬ್ಯಾಗು ಹಿಡಿದು ನಿನ್ನಲ್ಲಿಗೆ ಹೊರಟರು. ಬೈದಿದ್ದರೆ ನಾನೂ ನಾಲ್ಕು ಬೈದು, ಸಂಜೆಗೆ ಕಾಫಿ ಮಾಡಿಕೊಟ್ಟು ಮುಗಿಸುತ್ತಿದ್ದೆ.

ಮನೆಯಲ್ಲಿ ಕನ್ನಡ ಕೇಳಿ ಬಹಳ ದಿನವಾಯಿತು. ಟಿವಿಯಲ್ಲಿ ಕನ್ನಡ ಚಾನೆಲ್ ಹಾಕಿಟ್ಟು ಅಡುಗೆಮನೆಯಲ್ಲಿರುತ್ತೇನೆ, ಏನು ಬರುತ್ತಿದೆ ಎಂದು ನೋಡುವುದಿಲ್ಲ. ಸಾರು ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ. ಮೊನ್ನೆ ಕುಕ್ಕರ್ ಕೂಗಿದಾಗ ಕೂತಲ್ಲಿಂದಲೇ "ರೀ, ಸ್ವಲ್ಪ ಆಫ್ ಮಾಡಿ" ಎಂದೆ. ಇನ್ನೆರಡು ಸಲ ಕೂಗಿದ ಮೇಲೆ ನಾನೇ ಎದ್ದು ಹೋದೆ. ಫೋನಿನಲ್ಲಿ ಆರಾಮಾಗಿದ್ದೇನೆ ಎನ್ನುತ್ತೇನಲ್ಲ, ಅದು ಸುಳ್ಳು ಧಾರಿಣಿ. ಒಬ್ಬಳೇ ಇರಲು ನನ್ನಿಂದ ಆಗುತ್ತಿಲ್ಲ.

ಅದಿರಲಿ. ಗಾಳಿಯಂತ್ರ ನಿಂತಿದೆಯೇ ಹೊರತು ತಿರುಗುತ್ತಿಲ್ಲ. ಹೋದ ವಾರ ಧೂಳಿನ ಬಿರುಗಾಳಿ ಬಂದು ಎದುರು ಬ್ಲಾಕಿನವರ ಕೂಲರಿನ ಮುಚ್ಚಳವೇ ಹಾರಿಹೋಯಿತು. ಇದರ ರೆಕ್ಕೆ ಮಾತ್ರ ಅತ್ತಿತ್ತ ಮಿಸುಕಿ ಸುಮ್ಮನಾಯಿತು. ದೆಹಲಿಯಲ್ಲಿ ಇಂಥದ್ದಕ್ಕೆ ಗಾಳಿ ಸಾಲದು ಎಂದು ನಾನು ಆಗಲೇ ಹೇಳಿದ್ದೆ, ಅಪ್ಪನಿಗೆ ನೆನಪಿಸು. ಕರೆಂಟು ಹೋದಾಗ ಮೆಟ್ಟಿಲಿಗೊಂದು ದೀಪ ಉರಿಯಬೇಕೆಂಬುದು ಅವರ ಆಸೆಯಾಗಿತ್ತು. ಕೆಳಗೆ ಬ್ಯಾಟರಿ ಇಡಿಸಿ, ತಂತಿ ಎಳೆಸಿ ಆ ದೀಪವನ್ನೂ ಹಾಕಿಸಿದ್ದೇನೆ. ಇನ್ನೂ ಒಂದು ಸಲವೂ ಉರಿದಿಲ್ಲ.

ಬಿಸಿಲಿಗೆ ಸುಮ್ಮನೆ ಅಲೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಇಬ್ಬರೂ.

ನಿನ್ನ ಅಮ್ಮ,
ಜಲಜಾ

ಮತ್ತೊಂದು ಮಾತು: ರೀ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೊಳ್ಳಿ. ಪೈಪಿನ ವಿಷಯ ಬಂದ ಕೂಡಲೇ ನೀವು ಅಷ್ಟನ್ನೂ ಹಾರಿಸಿ, ಬಾಯಿಗೆ ಬಂದದ್ದೇನೋ ಸೇರಿಸಿ ಓದಿರುತ್ತೀರಿ. ನನಗೆ ಗೊತ್ತಿಲ್ಲವೇ? ಹಿಂದಕ್ಕೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಓದಿ ಹೇಳಿ. ಸೆಕ್ರೆಟರಿಯ ಮನೆಗೆ ನಾನೇ ಹೋಗಿ ಎಲ್ಲ ಹೇಳಿ ಬಂದಿದ್ದೇನೆ. ಇನ್ನು, ಗಾಳಿ ಸಾಲದು ಎಂದು ಬರೆದದ್ದು ಸುಳ್ಳು. ಗಾಳಿ ಬೇಕಾದಷ್ಟಿದೆ. ಬ್ಯಾಟರಿಗೆ ಜೋಡಿಸುವವರೆಗೆ ಯಂತ್ರದಿಂದ ಬರುವ ಮೂರೂ ತಂತಿಗಳ ತುದಿ ಸೇರಿಸಿ ಹೊಸೆದಿಡಬೇಕು, ಆಗ ಎಂಥ ಗಾಳಿಗೂ ರೆಕ್ಕೆ ತಿರುಗುವುದಿಲ್ಲ ಎಂದು ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಹಾಗೆಯೇ ಹೊಸೆದಿಟ್ಟಿದ್ದೇನೆ. ಬಿಡಿಸಿ ಜೋಡಿಸುತ್ತೇನೆ ಎಂದು ಬಂದ ಭಯ್ಯಾನನ್ನು ವಾಪಸು ಕಳಿಸಿದೆ. ಏಕೆಂದರೆ ಅದರ ಕೆಳಗೆ ಗೆರೆ ಎಳೆದು ಬರೆದಿದ್ದೀರಿ: "ಬಿಡಿಸುವಾಗ ಇಬ್ಬರು ಇರಲೇಬೇಕು, ತಾರಸಿಯಲ್ಲಿ ನಾನು, ಬ್ಯಾಟರಿಯ ಹತ್ತಿರ ಜಲಜಾ." ಈಗ ನಿಮಗೆ ಮಂಡಿನೋವೆಂದು ಧಾರಿಣಿ ಹೇಳುತ್ತಿದ್ದಳು. ತಾರಸಿಗೆ ನಾನು ಹತ್ತುತ್ತೇನೆ, ನೀವು ಕೆಳಗಿರಿ.