ಬಿಂದು ಕೊಟ್ಟ ಎರಡು ತುತ್ತು

ಹುಲ್ಲಹಳ್ಳಿ
೧೧-೮-೧೯೯೮

ಬಿಂದುವಿನ ಅಪ್ಪನಿಗೆ ಇಂದ್ರಾಣಿಯ ನಮಸ್ಕಾರಗಳು.

ಸುರಪುರದ ನೀರು ಒಗ್ಗಿತೇ? ಹೊಟ್ಟೆನೋವು ಹೇಗಿದೆ? ಶಾಲೆಯ ಗಡಿಬಿಡಿಯಲ್ಲಿ ಊಟ ಮರೆಯಬೇಡಿ. ಇಲ್ಲಿ ಎಲ್ಲರೂ ಇದ್ದೇವೆ. ಹೀಗೆ ಬರೆದೆನೆಂದು ಗಾಬರಿಯಾಗದೆ ಪೂರ್ತಿ ಓದಿ.

ಭಾನುವಾರ ಬಿಂದುವಿಗೆ ಆರು ತುಂಬಿತು. ಕೇಕಿಗೆ ಹಟ ಹಿಡಿದಿದ್ದಳು. ನಾನು ಟಿ. ನರಸೀಪುರದ ಹೊಲಿಗೆ ತರಗತಿಯಲ್ಲಿ ಗೆಳತಿಯರಿಂದ ಕಲಿತಂತೆ, ಕುಕ್ಕರಿನ ವಿಷಲ್ಲು, ರಬ್ಬರು ತೆಗೆದು, ತಳಕ್ಕೆ ಮರಳು ಹಾಕಿ ಕಾಯಿಸಿದೆ. ರಸಬಾಳೆ ಸೀಳಿ ತಟ್ಟೆಯಲ್ಲಿ ಜೋಡಿಸಿ, ಬೆಲ್ಲ, ತುಪ್ಪ, ಏಲಕ್ಕಿ ಹಾಕಿ, ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿ ಒಳಗಿಟ್ಟೆ. ಅಂಚಿನಲ್ಲಿ ಬೆಲ್ಲ ಕುದಿದು ಮನೆಯೆಲ್ಲ ಘಮಘಮ. ಅತ್ತೆ ಬಂದು, “ನಂಗೂ ಒಸಿ ಕೊಡು ಕಣವ್ವ” ಅಂದರು. ಸಕ್ಕರೆ ಕಾಯಿಲೆ, ಬೇಡ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದರು.

ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಬಿಂದು ಅಜ್ಜಿಗೆ ಎರಡು ತುತ್ತು ತಿನ್ನಿಸಿದ್ದಾಳೆ. ಅವಳ ಕಿರುಚಾಟ ಕೇಳಿ ಓಡಿಬಂದರೆ ಅತ್ತೆ ಗೋಡೆಗೆ ಒರಗಿದ್ದಾರೆ, ಮೈಯೆಲ್ಲ ತಣ್ಣನೆ ಬೆವರು, ಕರೆದರೆ ಓಗೊಡುತ್ತಿಲ್ಲ. “ನಾನೇ ಅಜ್ಜೀನ ಸಾಯಿಸ್ಬುಟ್ಟೆ” ಎಂದು ಮಗು ತಲೆ ಚಚ್ಚಿಕೊಳ್ಳುತ್ತಿತ್ತು. ಪಕ್ಕದ ಮನೆ ನಿಂಗರಾಜು ಆಟೋ ತಂದ. ನಂಜನಗೂಡಿನವರೆಗೂ ಅತ್ತೆಯ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದೆ. ಉಸಿರು ಸಿಗದಿದ್ದರೆ ನಿಮಗೆ ಏನೆಂದು ಬರೆಯಲಿ ಎಂಬುದೊಂದೇ ತಲೆಯಲ್ಲಿ.

ಡಾಕ್ಟರು ರಕ್ತ ನೋಡಿ, “ಸಕ್ಕರೆ ಏರಿಲ್ಲಮ್ಮ, ಪೂರಾ ಇಳಿದುಹೋಗಿದೆ” ಅಂದರು. ಮೊಮ್ಮಗಳ ಹುಟ್ಟುಹಬ್ಬದ ತಿಂಡಿಯನ್ನೇ ಮೊದಲು ತಿನ್ನಬೇಕೆಂದು ಅತ್ತೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬರಿ ಹೊಟ್ಟೆಯಲ್ಲಿ ಕಾಯುತ್ತಿದ್ದರಂತೆ! ಆ ಎರಡು ತುತ್ತೂ ಇಲ್ಲದಿದ್ದರೆ ಇನ್ನೂ ಕಷ್ಟವಾಗುತ್ತಿತ್ತಂತೆ. ಬಾಟಲಿ ಏರಿಸಿದ ಮೇಲೆ ಕಣ್ಣು ಬಿಟ್ಟು, “ಮಗೀನ ಬಯ್ಬ್ಯಾಡ” ಅಂದರು. ಆಸ್ಪತ್ರೆ ಅನ್ನುವುದನ್ನೂ ನೋಡದೆ ಅತ್ತುಬಿಟ್ಟೆ. ಅತ್ತೆ ನಿನ್ನೆ ಮನೆಗೆ ಬಂದರೂ, ತನ್ನ ತಪ್ಪಿಲ್ಲವೆಂದು ಬಿಂದು ನಂಬುತ್ತಿಲ್ಲ. ಅಜ್ಜಿಗೆ ನೀರು ಕೊಡಲೂ ಹೆದರುತ್ತಾಳೆ. ಅವಳಿಗೆಂದೇ ನಾಲ್ಕು ಸಾಲು ಬರೆಯಿರಿ.

ಅತ್ತೆಯ ಆಶೀರ್ವಾದ, ಬಿಂದುವಿನ ಮುತ್ತು.

ನಿಮ್ಮ
ಇಂದ್ರಾಣಿ

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಆಸ್ಪತ್ರೆಯಲ್ಲಿ ನರ್ಸು ಅತ್ತೆ ಬಲಗಾಲಿಗೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದರು. ಹೆಬ್ಬೆರಳು ಕಪ್ಪಾಗಿದೆ. ಯಾವಾಗಿನಿಂದ ಮುಚ್ಚಿಟ್ಟಿದ್ದರೋ. ಔಷಧಿಗೆ ಬಗ್ಗದಿದ್ದರೆ ಇಪ್ಪತ್ತನಾಲ್ಕನೇ ತಾರೀಖಿಗೆ ಬೆರಳು ತೆಗೆಯಬೇಕಂತೆ, ಮಗನನ್ನು ಕರೆಸಿ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ನನ್ನಿಂದ ಆಗದು. ರಜೆ ಕೊಡದಿದ್ದರೂ ಬನ್ನಿ.