ನೀರು ಕೇಳಿ ಹಿಡಿದ ಮನೆ

ಕಡಬ
ಫೆಬ್ರವರಿ 9

ಪ್ರೀತಿಯ ಇಚ್ಚಾಯಾ,

ಸೊಂಟನೋವು ಹೇಗುಂಟು? ನಾನು ಕಳಿಸಿದ ಎಣ್ಣೆ ಹಚ್ಚುತ್ತೀರೋ, ಡಬ್ಬಿ ಹಾಗೆಯೇ ಮಂಚದಡಿ ಉಂಟೋ, ನಿಮ್ಮ ರೂಮಿನ ಜೈಸನ್ ನೋಡಿ ನನಗೆ ಹೇಳುತ್ತಾನೆ. ರಜೆ ಮುಗಿಸಿ ಕುವೈತಿಗೆ ಹೊರಟ ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀವು "ಆ ಫ್ಲಾಟೇ ಸಾಕು ಮಾರಾಯ್ತಿ" ಎನ್ನುತ್ತೀರಿ. ಪತ್ರವನ್ನಾದರೆ ಕೊನೆಯವರೆಗೆ ಓದಲೇಬೇಕು. ಮಲಯಾಳ ನನಗೆ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ, ಕನ್ನಡವೇ ಗತಿ.

ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ನರ್ಸ್ ಕೆಲಸ ಮುಂದಿನ ತಿಂಗಳು ಶುರುವಲ್ಲವಾ, ಮನೆ ನೋಡಲು ನನ್ನ ಮಾವ, ನಿಮ್ಮ ಅಪ್ಪಚ್ಚನ್ ಕೂಡ ಹೊರಟರು. ನನಗಿದ್ದದ್ದು ಒಂದೇ ಹೆದರಿಕೆ. ನಮ್ಮ ಲಿಂಟುವಿಗೆ ಯಾವಾಗ ಫಿಟ್ಸ್ ಬರುತ್ತದೆಂದು ಹೇಳಲಾಗುವುದಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಡ್ಯೂಟಿಯಿಂದ ಬರುವವರೆಗೆ ಅವಳನ್ನು ನೋಡುವವರು ಯಾರು? ಈ ವಿಷಯ ತಿಳಿದರೆ ಯಾರೂ ಬಾಡಿಗೆಗೇ ಕೊಡಲಿಕ್ಕಿಲ್ಲ, ಸುಮ್ಮನಿರುವ ಎಂದು ಅಪ್ಪಚ್ಚನಿಗೆ ಬಸ್ಸಿನಲ್ಲೇ ಹೇಳಿದ್ದೆ. ಅವರು ಹೂಂ ಅನ್ನಲಿಲ್ಲ.

ಮೊದಲು ನೀವು ಹೇಳಿದ ಫ್ಲಾಟಿಗೇ ಹೋದೆವು. ಲಿಫ್ಟು, ಕ್ಯಾಮೆರಾ, ಮಕ್ಕಳಿಗೆ ಜಾರುಬಂಡಿ, ಎಲ್ಲ ಚಂದವೇ, ಸುಳ್ಳು ಹೇಳುವುದಿಲ್ಲ. ಅಪ್ಪಚ್ಚನ್ ಕೋಣೆಗಳ ಕಡೆ ತಲೆಯೆತ್ತಿಯೂ ನೋಡದೆ ಎದುರು ಮನೆಯ ಬೆಲ್ ಒತ್ತಿ, ಕುಡಿಯಲು ನೀರು ಕೇಳಿದರು! ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬಾಗಿಲು ತೆರೆಯದೆಯೇ, ಕೆಳಗೆ ವಾಚ್‌ಮನ್ ಹತ್ತಿರ ಕೇಳಿ ಎಂದರು ಒಳಗಿನವರು. ಅವರದ್ದೇನೂ ತಪ್ಪಿಲ್ಲ, ಗುರುತಿಲ್ಲದವರಿಗೆ ಪೇಟೆಯಲ್ಲಿ ಯಾರು ತೆರೆಯುತ್ತಾರೆ. ಇಳಿಯುತ್ತಾ ಅಪ್ಪಚ್ಚನ್ ತಮ್ಮ ತಂದೆಯ ಕಥೆ ಹೇಳಿದರು. ಜಾಗ ಹುಡುಕುತ್ತಾ ಕೇರಳದಿಂದ ಈ ಕಡೆ ಬಂದಾಗ ಅವರು ಕಂಡ ಕಂಡ ಮನೆಗೆ ಹೋಗಿ ನೀರು ಕೇಳುತ್ತಿದ್ದರಂತೆ. ಕೂಸಪ್ಪ ಗೌಡರ ಮನೆಯಲ್ಲಿ ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರು. ಅವರ ಪಕ್ಕದ ಗುಡ್ಡವನ್ನೇ ಕೊಂಡದ್ದು. ಮಣ್ಣು ಹೇಗುಂಟೆಂದು ನೋಡಿದ್ದು ಆಮೇಲೆಯಂತೆ.

ಜೆಪ್ಪುವಿನ ಒಂದು ಓಣಿಯಲ್ಲಿ ಹಂಚಿನ ಮನೆಯೊಂದು ಖಾಲಿ ಇತ್ತು. ಪಕ್ಕದ ಮನೆಯ ಜುಮಾನಾ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಹೆಗಲ ಮೇಲಿನ ಟೇಪನ್ನೂ ತೆಗೆಯದೆ ಬಂದು ನೀರು ಕೊಟ್ಟಳು. ಬೆಲ್ಲ ಮುಗಿದಿದೆ, ಬಿಸ್ಕತ್ತು ಆಗಬಹುದಾ ಎಂದು ಕೇಳಿದಳು. ಅಪ್ಪಚ್ಚನ್ ಗಟಗಟ ಕುಡಿದು ಬಾಯಿ ಒರೆಸಿಕೊಂಡರು. ನಾನು ತಡೆಯುವ ಮೊದಲೇ ಹೇಳಿಯೇಬಿಟ್ಟರು:

"ನನ್ನ ಮೊಮ್ಮಗಳಿಗೆ ಫಿಟ್ಸ್ ಬರುದುಂಟು ಮಗಳೇ. ಇವಳು ಡ್ಯೂಟಿಯಲ್ಲಿರುವಾಗ ಒಂದು ಕಣ್ಣು ಇಡ್ಲಿಕ್ಕೆ ಆಗ್ತದಾ?"

ನಾನು ಅಪ್ಪಚ್ಚನ ತೋಳು ಹಿಡಿದು ಹಿಂದಕ್ಕೆಳೆದೆ. ಜುಮಾನಾ ನೋಡಿದ್ದು ನನ್ನನ್ನು.

"ಅದಕ್ಕೆ ನೀವು ಹೀಗೆ ಹೆದರುದು ಎಂತ ಅಕ್ಕ? ನಾನು ಹಗಲಿಡೀ ಇಲ್ಲೇ ಇದ್ದೇನಲ್ಲ."

ಅಲ್ಲೇ ಅತ್ತುಬಿಟ್ಟೆ ಇಚ್ಚಾಯಾ. ಎಂಥ ಮನುಷ್ಯ ನಿಮ್ಮ ಅಪ್ಪಚ್ಚನ್! ನಾನು ಮುಚ್ಚಿಡಲು ಹೊರಟದ್ದನ್ನೇ ಬಾಗಿಲಲ್ಲಿ ನಿಂತು ಹೇಳಿ, ನನಗೊಬ್ಬ ತಂಗಿಯನ್ನು ಕೊಡಿಸಿದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪಚ್ಚನ್ ನಿಮ್ಮ ಹೆಸರು ಬಿಡುವುದಿಲ್ಲ. ಕೆಳಗಿನ ಎಣ್ಣೆಕಲೆ ಲಿಂಟು ಕೊಟ್ಟ ಮುತ್ತು, ಬಾಳೆಕಾಯಿ ಚಿಪ್ಸ್ ತಿಂದ ಬಾಯಿ.

ನಿಮ್ಮ
ಮಿನು

ತಾ.ಕ.: ಜೈಸನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಫ್ಲಾಟಿನವರಿಗೆ ಬೇಡವೆಂದು ಹೇಳಿಯಾಗಿದೆ. ಸಿಟ್ಟು ಬಂದರೆ ಅಪ್ಪಚ್ಚನಿಗೆ ಫೋನ್ ಮಾಡಿ, ಧೈರ್ಯವಿದ್ದರೆ. ಈಗಷ್ಟೇ ಜುಮಾನಾ ಫೋನ್ ಮಾಡಿದ್ದಳು. ಫಿಟ್ಸ್ ಬಂದರೆ ಮಗುವನ್ನು ಹೇಗೆ ಮಲಗಿಸಬೇಕು, ಈಗಲೇ ಹೇಳಿಕೊಡಿ ಎಂದಳು. ಇಷ್ಟು ವರ್ಷದಲ್ಲಿ ನಮ್ಮ ನೆಂಟರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ ಇಚ್ಚಾಯಾ.