ಸಿಟ್ಟು ಮೂಗಿನ ತುದಿಯಲ್ಲಿಲ್ಲ

ಅಕ್ಕಾ,

ನಾನು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೊರಟೆ. ಎದುರಿಗೆ ನಿಂತು ಮಾತಾಡಿದರೆ ಮನೆಯ ಸೂರು ಹಾರಿಹೋಗುತ್ತದೆ, ಅದಕ್ಕೇ ಈ ಚೀಟಿ.

ನಿನ್ನೆ ನನ್ನ ಡಿಬಿಟಿ ಥೆರಪಿಯ, ಅದೇ ಸಿಟ್ಟನ್ನು ಹತೋಟಿಗೆ ತರಲು ಕಲಿಸುವ ಚಿಕಿತ್ಸೆಯ, ಮೊದಲ ದಿನ. ಮೊಬೈಲಿನಲ್ಲಿ ಥೆರಪಿಸ್ಟ್ ಮೇಡಂ, "ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಬಟ್ಟೆ ಬುಟ್ಟಿ ಹೊತ್ತು ನುಗ್ಗಿ, "ಮೂಗಿನ ತುದೀಲಿ ಮೇಡಂ, ಹುಟ್ಟಿದಾಗಿಂದ ಅಲ್ಲೇ ಇದೆ!" ಅಂದೆ. ಅವರಿಗೂ ನಗು ಬಂತು. ನನಗೆ ಬರಲಿಲ್ಲ.

ನೀನು ಹೋದ ಮೇಲೆ ಅವರು, ಸಿಟ್ಟು ನೆತ್ತಿಗೇರಿದರೆ ಕೈಯಲ್ಲಿ ಐಸು ಹಿಡಿದುಕೋ ಅಂದರು. ಇವತ್ತು ಎದ್ದಾಗಲೂ ನಿನ್ನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಫ್ರೀಜರ್ ತೆಗೆದರೆ ಟ್ರೇ ಖಾಲಿ! ಅಷ್ಟೂ ಐಸು ಭಾವನ ಜ್ಯೂಸಿಗೆ!

ಟ್ರೇಗೆ ನೀರು ತುಂಬಿಸಿಡು. ಅದನ್ನು ಯಾರೂ ಮುಟ್ಟಕೂಡದು, ಭಾವನೂ ಸೇರಿ. ಮುಂದಿನ ವಾರ ಥೆರಪಿಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡರೆ, ತಲೆ ಮೇಲೆ ತಲೆ ಬಿದ್ದರೂ ತಟ್ಟಬೇಡ. "ಇವಳು ಯಾವ ಅಂಗಡೀಲೂ ನೆಟ್ಟಗೆ ನಿಲ್ಲಲ್ಲ" ಅಂತ ಕಂಡವರಿಗೆಲ್ಲ ಹೇಳುವವಳು ನೀನೇ. ಈ ಅಂಗಡಿಯಲ್ಲಾದರೂ ಜಗಳವಾಡದೆ ನಿಲ್ಲಬೇಕು ಅಂತಲೇ ಥೆರಪಿಗೆ ಸೇರಿದ್ದೇನೆ. ಅದನ್ನೂ ನಗೆಪಾಟಲು ಮಾಡಬೇಡ.

ಐಸಿಲ್ಲದೆ ಫ್ರೀಜರಿನಲ್ಲಿದ್ದ ಬಟಾಣಿ ಪ್ಯಾಕೆಟ್ ಹಿಡಿದುಕೊಂಡು ಇಷ್ಟು ಬರೆದೆ. ಪೂರ್ತಿ ಕರಗಿದೆ, ಮಧ್ಯಾಹ್ನದ ಅಡುಗೆಗೆ ಹಾಕಿಬಿಡು.

ಮತ್ತೆ, ನನಗೆ ಸಿಟ್ಟು ಗೊತ್ತಾಗುವುದು ಗಂಟಲಿನಲ್ಲಿ. ಅಳು ಬರುತ್ತದಲ್ಲ, ಅದೇ ಜಾಗದಲ್ಲಿ. ಇಷ್ಟು ವರ್ಷದಲ್ಲಿ ನೀನು ಒಂದು ಸಲ ಕೇಳಿದ್ದರೆ ನಿನಗೇ ಮೊದಲು ಹೇಳುತ್ತಿದ್ದೆ.